ತುಕ್ಕು ಎಮ್ಮೆಗೆ ಮಾವ ಕಟ್ಟಿದ ಬೆಲೆ

ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಮೂರನೆಯ ದಿನ ಅದು ನನ್ನ ಬಾಯಲ್ಲಿರುತ್ತದೆ. ಹೊಗಳಿಕೊಳ್ಳುವ ವಿಷಯವೇನಲ್ಲ. ಈ ವಿದ್ಯೆಯಿಂದ ನನಗೆ ಈವರೆಗೆ ಸಿಕ್ಕ ಒಂದೇ ಒಂದು ಲಾಭವೆಂದರೆ, ಒಮಾನಿನ ಸುವೈಕ್‌ನ ಟೈಲ್ಸ್ ಅಂಗಡಿಯ ಎ.ಸಿ. ಕೌಂಟರಿನಿಂದ ಹಿಂದಿನ ಗೋಡೌನಿಗೆ ವರ್ಗ. ಒಂದು ಮಧ್ಯಾಹ್ನ ಮ್ಯಾನೇಜರರ ದನಿಯಲ್ಲಿ ಲೋಡಿಂಗಿನವರಿಗೆ ಎಲ್ಲರೂ ಹೋಗಿ ಚಾ ಕುಡಿದು ಬನ್ನಿ ಎಂದು ಅಪ್ಪಣೆ ಕೊಟ್ಟೆ. ಅವರು ಪಾಪ ಹೋದರು. ಮ್ಯಾನೇಜರರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅಂದಿನಿಂದ ನಾನು ಗೋಡೌನಿನಲ್ಲಿ ಬಚ್ಚಲಮನೆಯ ಟೈಲ್ಸುಗಳಿಗೆ ಮಿಮಿಕ್ರಿ ಮಾಡಿ ತೋರಿಸುತ್ತಿದ್ದೇನೆ. ಅವು ನಗುವುದಿಲ್ಲ, ಆದರೆ ಎದ್ದೂ ಹೋಗುವುದಿಲ್ಲ.

ನನಗೆ ಬರುವ ದನಿಗಳಲ್ಲೆಲ್ಲ ಪಳಗಿದ್ದು ನನ್ನ ಮಾವನದು. ಮಾವ ಎಂದರೆ ಅಮ್ಮನ ಅಣ್ಣ. ಉಡುಪಿ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷಗಳಿಂದ ಸುವೈಕ್‌ನ ಗ್ಯಾರೇಜೊಂದರಲ್ಲಿ ಟಿಂಕರಿಂಗ್ ಕೆಲಸ ಮಾಡುತ್ತಿದ್ದಾರೆ. ಗುದ್ದಿಸಿಕೊಂಡು ಬಂದ ಕಾರಿನ ತಗಡನ್ನು ಬಡಿದು ಬಡಿದು ಮೊದಲಿನ ಹಾಗೆ ಮಾಡುವುದು ಅವರ ಕಸುಬು. ನಾನು ಅವರ ಮನೆಯಲ್ಲೇ ಇರುವುದು. ಅತ್ತೆ ಘಟ್ಟದ ಮೇಲಿನವರು. ಮಾವನ ತುಳು ಅವರಿಗೆ ಅರ್ಥವಾಗುತ್ತದೆ, ಆದರೆ ಬೈಯಲು ಕನ್ನಡವೇ ಬೇಕು. ಅವರು ಮಾತನಾಡುವುದರಲ್ಲಿ ಬೈಗುಳವೇ ಹೆಚ್ಚಾದ್ದರಿಂದ ನಮ್ಮ ಮನೆಯ ಭಾಷೆ ಕನ್ನಡವಾಯಿತು.

ಮಾವನ ದನಿಯನ್ನು ಹೊರಡಿಸುವುದು ಸುಲಭ. ಮೊದಲು ಒಂದು ಸಣ್ಣ ಕೆಮ್ಮು, ಹಿಂದೆಯೇ ಒಂದು ದೊಡ್ಡ ಕೆಮ್ಮು. ಆಮೇಲೆ ಎದುರಿನವನು ಫೋನ್ ಕಟ್ ಆಯಿತೆಂದು ತಿಳಿಯುವಷ್ಟು ಹೊತ್ತು ಮೌನ. ಕೊನೆಗೆ ಬೋರ್‌ವೆಲ್ಲಿನಿಂದ ಮೊದಲ ನೀರು ಬಂದ ಹಾಗೆ ಒಂದು ಮಾತು. ಇದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾಡಿದರೆ ಅತ್ತೆ ತಿರುಗಿ ನೋಡದೆ, "ಏನ್ರೀ, ಇಷ್ಟು ಬೇಗ ಬಂದ್ರಾ" ಎನ್ನುತ್ತಿದ್ದರು. ಎರಡು ವರ್ಷದಲ್ಲಿ ಈ ಉಪಾಯದಿಂದ ನಾನು ಕುಡಿದ ಚಾ ಒಂದು ಡ್ರಮ್ಮಿನಷ್ಟಾದೀತು. ಡ್ರಮ್ಮೆಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಲ್ಲಿನ ಡ್ರೈವಿಂಗ್ ಟೆಸ್ಟಿನಲ್ಲಿ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆಯಬೇಕು, ಯಾವುದಕ್ಕೂ ತಾಗಿಸಬಾರದು. ನಾನು ಮೂರು ಸಲ ತಾಗಿಸಿದ್ದೇನೆ. ಕಾರು ಮಾರಿದ ಕಥೆ ಹೇಳಲು ಹೊರಟವನಿಗೆ ಲೈಸೆನ್ಸೇ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಮಾವನಿಗೆ ಒಂದು ಕಾಯಿಲೆ. ರೇಟು ಹೇಳಲು ಬಾಯಿ ಬರುವುದಿಲ್ಲ. ಎಂಥ ಬಂಪರನ್ನಾದರೂ ಎತ್ತುತ್ತಾರೆ, ಎಂಥ ಬಾನೆಟ್ಟನ್ನಾದರೂ ನೇರ ಮಾಡುತ್ತಾರೆ, ಆದರೆ ಗಿರಾಕಿ ಬಂದು ಎಷ್ಟಾಯಿತು ಎಂದು ಕೇಳಿದರೆ ನೆಲ ನೋಡಿಕೊಂಡು "ನೀವು ಕೊಟ್ಟದ್ದು" ಎನ್ನುತ್ತಾರೆ. ನಮ್ಮ ಊರಿನ ಕಡೆ ಅದೊಂದು ಮರ್ಯಾದೆ. ತೆಂಗಿನಕಾಯಿ ಕೊಯ್ಯಲು ಬಂದವರೂ ಹಾಗೆಯೇ ಹೇಳುವುದು, ಪೂಜೆಗೆ ಬಂದ ಭಟ್ಟರೂ ಹಾಗೆಯೇ ಹೇಳುವುದು. ಹಾಗೆಂದಾಗ ಕೊಡುವವನಿಗೇ ನಾಚಿಕೆಯಾಗಿ ಹತ್ತು ರೂಪಾಯಿ ಹೆಚ್ಚೇ ಕೊಡುತ್ತಾನೆ. ಸುವೈಕ್‌ನ ಗ್ಯಾರೇಜು ಸಾಲಿನಲ್ಲಿ ಹಾಗೆಂದರೆ ಗಿರಾಕಿ ಮಾವನ ಬೆನ್ನು ತಟ್ಟಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಹಾರೈಸಿ ಗಾಡಿ ಹತ್ತಿ ಹೋಗುತ್ತಾನೆ. ಹೀಗೆ ಬರೀ ಆಶೀರ್ವಾದವೇ ಜಮೆಯಾಗುವುದನ್ನು ನೋಡಿ ಗ್ಯಾರೇಜಿನ ಮಾಲೀಕರು, ಅಂದರೆ ಮಾವನ ಕಫೀಲ್, ಬಿಲ್ಲು ಮಾಡಲು ಬೇರೆ ಜನವನ್ನೇ ಇಟ್ಟರು.

ಅದೇ ಕಫೀಲ್ ಹನ್ನೊಂದು ವರ್ಷಗಳ ಹಿಂದೆ ಮಾವನಿಗೆ ಒಂದು ಕಾರು ಕೊಟ್ಟರು. ಅಮೆರಿಕದ್ದು, ಎರಡು ಬಾಗಿಲು, ಎಂಟು ಸಿಲಿಂಡರಿನ ಎಂಜಿನ್, ಬಾನೆಟ್ಟಿನ ಮೇಲೆ ನಾಲ್ಕು ಜನ ಎಲೆ ಹಾಕಿ ಊಟಕ್ಕೆ ಕೂರಬಹುದು. ಕಫೀಲ್ ಹುಡುಗನಾಗಿದ್ದಾಗ ಅವರ ಅಣ್ಣ ಓಡಿಸುತ್ತಿದ್ದ ಗಾಡಿಯಂತೆ. ಖರ್ಜೂರದ ತೋಟದಲ್ಲಿ ಆಡುಗಳು ಅದರ ಮೇಲೆ ಹತ್ತಿ ನಿಂತು ಎಲೆ ತಿನ್ನುತ್ತಿದ್ದವು. ನಿನಗೆ ಕೈ ಇದೆ, ಓಡುವ ಹಾಗೆ ಮಾಡಿಕೋ, ನಿನ್ನದೇ ಎಂದು ಕಾಗದವನ್ನೂ ಮಾವನ ಹೆಸರಿಗೆ ಮಾಡಿಸಿಕೊಟ್ಟರು. ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ಅದರ ಈಗಿನ ರೂಪ ನೋಡಿದರೆ ಅವರೂ ನಮ್ಮದಲ್ಲ ಎಂದಾರು.

ಮಾವ ಅದನ್ನು ಗಾಡಿ ಎಂದರು. ಅತ್ತೆ ಗುಜರಿ ಎಂದರು. ನಾನು ಬಂದ ಮೇಲೆ ಅದಕ್ಕೆ ಎಮ್ಮೆ ಎಂದು ಹೆಸರಿಟ್ಟೆ. ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ಟಾರ್ಪಾಲು ಹೊದ್ದು ಮಲಗಿರುತ್ತಿತ್ತು. ಪ್ರತಿ ಶುಕ್ರವಾರ ಮಾವ ಅದರ ಹತ್ತಿರ ಹೋಗಿ ಬಡಿಯುತ್ತಿದ್ದರು. ಹನ್ನೊಂದು ವರ್ಷದ ಶುಕ್ರವಾರಗಳಲ್ಲಿ ಡ್ರೈವರನ ಕಡೆಯ ಬಾಗಿಲು, ಅಂದರೆ ಇಲ್ಲಿನ ಲೆಕ್ಕಕ್ಕೆ ಎಡಬಾಗಿಲು, ಮುಗಿಯಿತು. ಆ ಬಾಗಿಲೊಂದು ಹೊಸ ಸ್ಟೀಲ್ ತಟ್ಟೆಯ ಹಾಗೆ. ಉಳಿದದ್ದೆಲ್ಲ ಹಪ್ಪಳ. ಸಮುದ್ರ ಅರ್ಧ ಕಿಲೋಮೀಟರ್ ದೂರದಲ್ಲಿ. ಮಾವ ಒಂದು ಶುಕ್ರವಾರ ತೆಗೆದ ತುಕ್ಕನ್ನು ಉಪ್ಪುಗಾಳಿ ಆರು ದಿನಗಳಲ್ಲಿ ಇನ್ನೊಂದು ಕಡೆ ಹಾಕಿಕೊಡುತ್ತಿತ್ತು. ಅವರಿಗೊಂದು ದಿನ ರಜೆ, ಅದಕ್ಕೆ ರಜೆಯೇ ಇಲ್ಲ. ಒಳಗೆ ಕಾಲಿಟ್ಟರೆ ಕಾಲು ಸೀದಾ ಒಮಾನಿನ ಮಣ್ಣಿನ ಮೇಲೆ ನಿಲ್ಲುತ್ತಿತ್ತು. ಕಾರಿನಲ್ಲಿ ಕೂತು ನಡೆದುಕೊಂಡೇ ಮಸ್ಕತ್ತಿಗೆ ಹೋಗಬಹುದು ಎಂದು ನಾನು ಹೇಳಿದ್ದೆ. ಮಾವ ನಕ್ಕಿರಲಿಲ್ಲ.

ಈ ವರ್ಷ ಕಫೀಲರ ಮಗ ವ್ಯವಹಾರ ನೋಡಿಕೊಳ್ಳಲು ಬಂದರು. ಒಳ್ಳೆಯ ಮನುಷ್ಯ, ನನಗಿಂತ ಸ್ವಲ್ಪ ದೊಡ್ಡವರು, ಸುಗಂಧ ಜೋರು. ಹಿಂದಿನ ಅಂಗಳದಲ್ಲಿ ಕಾರು ತೊಳೆಯುವ ಅಂಗಡಿ ಹಾಕುತ್ತೇನೆ, ತಿಂಗಳ ಕೊನೆಯೊಳಗೆ ಖಾಲಿಯಾಗಬೇಕು ಎಂದು ಬಹಳ ವಿನಯದಿಂದ ಹೇಳಿದರು. ಮಾವನ ಬಾಡಿಗೆ ಮನೆಯ ಎದುರು ಒಂದು ಸೈಕಲ್ಲಿಡಲು ಕೂಡ ಜಾಗವಿಲ್ಲ. ಕೊನೆಯ ಶನಿವಾರ ಬೆಳಿಗ್ಗೆ ಕ್ರೇನಿನ ಗಾಡಿ ತರುತ್ತೇನೆಂದು ಗುಜರಿಯವನೂ ಬಂದು ನೋಡಿ ಹೋದ. ಟಾರ್ಪಾಲು ಎತ್ತಲಿಲ್ಲ. ಸುತ್ತ ಒಂದು ಸುತ್ತು ಬಂದು ನೂರ ಇಪ್ಪತ್ತು ರಿಯಾಲ್ ಎಂದ. ಈ ಇಡೀ ಕಥೆಯಲ್ಲಿ ಕೇಳಿದ ಕೂಡಲೇ ರೇಟು ಹೇಳಿದ ಒಬ್ಬನೇ ಮನುಷ್ಯ ಅವನು.

ಆ ಸಂಜೆ ಮಾವ ಊಟ ಮಾಡುವಾಗ ಒಂದೇ ಮಾತು ಹೇಳಿದರು.

"ಅದನ್ನು ತುಂಡು ಮಾಡುವವರಿಗೆ ಕೊಡುದು ಬೇಡ. ಇಡಿಯಾಗಿ ಹೋಗ್ಬೇಕು. ಸರಿ ಮಾಡುವವರ ಕೈಗೆ."

ಹನ್ನೊಂದು ವರ್ಷ ಆ ಗಾಡಿಗೆ ಬೈದ ಅತ್ತೆ ಅಂದು ಬೈಯಲಿಲ್ಲ. ಮಾವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ನಮ್ಮ ಮನೆಯಲ್ಲಿ ಅದು ಶೋಕಾಚರಣೆ.

ಮಾರಬೇಕಾದರೆ ಬೆಲೆ ಬೇಕು. ನಾನು ಇಂಟರ್ನೆಟ್ಟಿನಲ್ಲಿ ಅದೇ ಮಾದರಿಯ, ಅದೇ ವಯಸ್ಸಿನ ಕಾರಿನ ಜಾಹೀರಾತು ಹುಡುಕಿ ತೋರಿಸಿದೆ. ಹೊರದೇಶದ್ದು. ಬೆಲೆ ಎಷ್ಟಿತ್ತೆಂದರೆ ಆ ದುಡ್ಡಿಗೆ ಮಾವನ ಗ್ಯಾರೇಜನ್ನೇ ಕೊಂಡು ನನ್ನ ಮ್ಯಾನೇಜರರನ್ನು ಅಲ್ಲಿ ಬಿಲ್ಲು ಬರೆಯಲು ಕೂರಿಸಬಹುದಿತ್ತು. ಅತ್ತೆ ಕನ್ನಡಕ ಹಾಕಿ ಫೋಟೋ ನೋಡಿ, "ಅದಕ್ಕೆ ನೆಲ ಇದೆ ಕಣೋ" ಎಂದರು. ಚರ್ಚೆ ಮುಗಿಯಿತು.

ಆಮೇಲೆ ನಾನೊಂದು ಬುದ್ಧಿವಂತಿಕೆಯ ದಾರಿ ಹೇಳಿದೆ. ಪೂರ್ತಿ ರಿಪೇರಿಯಾದರೆ ಈ ಗಾಡಿ ಎಷ್ಟಕ್ಕೆ ಹೋದೀತು ಎಂದು ಮೊದಲು ನೋಡುವ, ಅದರಲ್ಲಿ ಬಾಕಿ ಇರುವ ಕೆಲಸದ ಖರ್ಚು ಕಳೆಯುವ, ಉಳಿದದ್ದೇ ಬೆಲೆ. ಮಾವನಿಗೆ ಇದು ಹಿಡಿಸಿತು. ಬಾಕಿ ಕೆಲಸ ಹೇಳುತ್ತಾ ಹೋದರು. ನೆಲದ ತಗಡು, ಡಿಕ್ಕಿಯ ತಳ, ಬಲಬಾಗಿಲು, ಚಕ್ರದ ಕಮಾನುಗಳು, ಮುಂಗಾಜಿನ ಕೆಳಗಿನ ತಗಡು, ವೈರಿಂಗ್, ಬ್ರೇಕು, ಸೀಟು. ಪ್ರಾಮಾಣಿಕ ಮನುಷ್ಯ ಒಂದು ಬೋಲ್ಟನ್ನೂ ಬಿಡಲಿಲ್ಲ. ಕೂಡಿ ಕಳೆದು ನೋಡಿದರೆ, ಎಮ್ಮೆಯನ್ನು ಕೊಂಡುಹೋಗುವವನಿಗೆ ನಾವೇ ಮುನ್ನೂರು ರಿಯಾಲ್ ಕೊಟ್ಟು ಕಳಿಸಬೇಕಿತ್ತು.

ಹೋಗಲಿ, ನಿಮ್ಮ ಮನಸ್ಸಿನಲ್ಲಿ ಎಷ್ಟಿದೆ ಹೇಳಿ ಎಂದು ಅತ್ತೆ ಕೇಳಿದರು. ಮಾವ ಎದ್ದು ಕೈ ತೊಳೆಯಲು ಹೋದರು. ಕೈ ಆಗಲೇ ತೊಳೆದಾಗಿತ್ತು.

ಜಾಹೀರಾತು ಬೆಲೆಯಿಲ್ಲದೆಯೇ ಹೋಯಿತು. ಬಂದು ನೋಡಿ, ಆಮೇಲೆ ಮಾತಾಡುವ ಎಂದು ಬರೆದೆ. ಫೋಟೋ ತೆಗೆದವನೂ ನಾನೇ. ಆರು ಫೋಟೋ, ಆರೂ ಎಡಬಾಗಿಲಿನದು, ಬೇರೆ ಬೇರೆ ಬೆಳಕಿನಲ್ಲಿ.

ಮೊದಲು ಬಂದವರು ಪಕ್ಕದ ಬೀದಿಯ ಒಮಾನಿ ಹಿರಿಯರು. ಕೈಯಲ್ಲಿ ಒಂದು ಡಬ್ಬಿ ಹಲ್ವಾ. ನಾವು ಗ್ಯಾರೇಜಿನಲ್ಲೇ ಚಾ ಮತ್ತು ಅತ್ತೆ ಮಾಡಿ ಕಳಿಸಿದ ಬಾಳೆಹಣ್ಣಿನ ಬನ್ಸ್ ಇಟ್ಟೆವು. ಮನೆಯವರು ಹೇಗಿದ್ದಾರೆ, ಊರು ಹೇಗಿದೆ, ಮಳೆ ಬಂತೇ, ಆಡುಗಳು ಹೇಗಿವೆ ಎಂದೆಲ್ಲ ಆದ ಮೇಲೆ ಅವರು ಮೆಲ್ಲಗೆ ಗಾಡಿಯ ಕಡೆ ನೋಡಿ, ಎಷ್ಟು ಎಂದರು. ಮಾವ ನೆಲ ನೋಡಿ, ನೀವು ಕೊಟ್ಟದ್ದು ಎಂದರು. ಛೆ, ನಿನ್ನ ಗಾಡಿ, ಬೆಲೆ ನೀನು ಹೇಳಬೇಕು ಎಂದರು ಅವರು. ನೀವು ದೊಡ್ಡವರು, ನೀವು ಹೇಳಿದ್ದೇ ಬೆಲೆ ಎಂದರು ಮಾವ. ನೀನು ನಮ್ಮೂರಿಗೆ ಬಂದ ಅತಿಥಿ, ನಾನು ಹೇಗೆ ಹೇಳಲಿ ಎಂದರು ಅವರು. ಇಪ್ಪತ್ತೆರಡು ವರ್ಷದ ಅತಿಥಿ ಇನ್ನಷ್ಟು ಬಗ್ಗಿ ನೆಲ ನೋಡಿದರು. ಹೀಗೆ ಇಬ್ಬರು ಮರ್ಯಾದಸ್ಥರು ಒಬ್ಬರ ಕಾಲಿಗೊಬ್ಬರು ಬೀಳುವುದೊಂದು ಬಾಕಿ ಎನ್ನುವಷ್ಟರಲ್ಲಿ ಅಸರ್ ನಮಾಜಿನ ಬಾಂಗ್ ಆಯಿತು. ಹಿರಿಯರು ಎದ್ದು, ಬಹಳ ಸಂತೋಷವಾಯಿತು ಎಂದು ಹೋದರು. ಮರುದಿನ ಪುನಃ ಬಂದರು. ಪುನಃ ಅದೇ. ಮೂರನೆಯ ಸಲ ಬಂದಾಗ ಎಮ್ಮೆಯ ಸುದ್ದಿಯೇ ಎತ್ತಲಿಲ್ಲ. ಬನ್ಸಿಗೆ ಏನು ಹಾಕುತ್ತೀರಿ ಎಂದು ಕೇಳಿಕೊಂಡು ಹೋದರು.

ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಮಾವ ಗ್ಯಾರೇಜಿನಿಂದ ಬಂದು ಟಿವಿ ಹಾಕದೆ ಕೂರತೊಡಗಿದರು.

ಜಾಹೀರಾತಿನಲ್ಲಿ ಕೊಟ್ಟದ್ದು ನನ್ನ ನಂಬರು, ಏಕೆಂದರೆ ಗೊತ್ತಿಲ್ಲದ ನಂಬರು ಬಂದರೆ ಮಾವ ಫೋನನ್ನು ಬಿಸಿ ಕಾವಲಿಯ ಹಾಗೆ ಹಿಡಿಯುತ್ತಾರೆ. ಆದರೆ ಫೋನು ಮಾಡಿದವರು ನನ್ನ ದನಿ ಕೇಳಿದ ಕೂಡಲೇ ಮನೆಯಲ್ಲಿ ದೊಡ್ಡವರಿದ್ದರೆ ಕೊಡಪ್ಪ ಎನ್ನುತ್ತಿದ್ದರು. ನನಗೆ ಇಪ್ಪತ್ತಾರು ವರ್ಷ. ಹೀಗೆ ನಾಲ್ಕು ಸಲ ಆದ ಮೇಲೆ ಐದನೆಯವರಿಗೆ ನಾನು ದೊಡ್ಡವರನ್ನೇ ಕೊಟ್ಟೆ. ಒಂದು ನಿಮಿಷ ಎಂದು ಫೋನನ್ನು ಅಂಗಿಗೆ ಒತ್ತಿ ಹಿಡಿದು, ಸಣ್ಣದೊಂದು, ದೊಡ್ಡದೊಂದು ಕೆಮ್ಮಿ, ಮಾವನಾಗಿ ಮಾತನಾಡಿದೆ.

ಆಗ ಗೊತ್ತಾಯಿತು, ಆ ದನಿಯಲ್ಲಿ ಎಂಥ ಶಕ್ತಿಯಿದೆ ಎಂದು. ಎಷ್ಟಕ್ಕೆ ಕೊಡುತ್ತೀರಿ ಎಂದು ಅತ್ತಲಿಂದ ಕೇಳುತ್ತಾರೆ. ನಾನು ಮಾವನ ಹಾಗೆ ಸುಮ್ಮನಿರುತ್ತೇನೆ. ಅವರೇ ಗಾಬರಿಯಾಗಿ ಎಂಟುನೂರು ಎನ್ನುತ್ತಾರೆ. ನಾನು ಇನ್ನೂ ಸುಮ್ಮನಿರುತ್ತೇನೆ. ಸಾವಿರ ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಈ ಮೌನವನ್ನು ಮಾವ ಬರೀ ಉಸಿರೆಳೆದುಕೊಳ್ಳಲು ಬಳಸಿದ್ದರು. ಖಸಬ್ ಎಂಬ ಬಂದರಿನಿಂದ ಒಬ್ಬರು ಸಾವಿರದ ಇನ್ನೂರಕ್ಕೆ ಏರಿದರು. ಆದರೆ ಅವರಿಗೆ ಬೇಕಾದದ್ದು ಎಂಜಿನ್ ಮಾತ್ರ, ದೋಣಿಯಲ್ಲಿ ಹಾಕಿ ಒಯ್ಯುತ್ತೇನೆ, ಮೈಯನ್ನು ನೀವೇ ಇಟ್ಟುಕೊಳ್ಳಿ ಎಂದರು. ನಾನು ಮಾವನ ದನಿಯಲ್ಲಿ ಇಡಿಯಾಗಿ ಕೊಡುವುದು, ಇಲ್ಲದಿದ್ದರೆ ಖಲಾಸ್ ಎಂದೆ. ಹೇಳಿ ಮುಗಿಸಿ ನನ್ನ ಮೇಲೆ ನನಗೇ ಗೌರವ ಬಂತು. ಆ ಗೌರವ ಎರಡು ದಿನ ಇತ್ತು.

ಮೂರನೆಯ ದಿನದ ಫೋನು ಸೂರ್ ಎಂಬ ಕಡಲೂರಿನಿಂದ. ಅಲ್ಲಿನ ಅನಿಲ ಸ್ಥಾವರದಲ್ಲಿ ಕೆಲಸ ಮಾಡುವ ಒಮಾನಿ, ನಲವತ್ತರ ಆಸುಪಾಸಿನ ದನಿ. ಅಪ್ಪ ಮರದ ಹಡಗು ಕಟ್ಟುತ್ತಿದ್ದರಂತೆ. ಆ ಹಳೆಯ ಶೆಡ್ಡು ಖಾಲಿ ಇದೆ, ಅದರಲ್ಲಿ ಇಟ್ಟುಕೊಂಡು ಎಷ್ಟು ವರ್ಷವಾದರೂ ಸರಿ ನಿಧಾನಕ್ಕೆ ಸರಿಮಾಡುತ್ತೇನೆ ಎಂದರು. ಹಿಂದಿ ನನಗಿಂತ ಚೆನ್ನಾಗಿತ್ತು. ಅವರು ಬೆಲೆ ಕೇಳುವ ಮೊದಲು ಬೇರೆಯೇ ಒಂದು ಪ್ರಶ್ನೆ ಕೇಳಿದರು. ಮುಂಗಾಜಿನ ಕೆಳಗಿನ ತಗಡಿನಲ್ಲಿ, ನೀರು ಇಳಿಯುವ ಜಾಗದಲ್ಲಿ, ತುಕ್ಕು ಹೇಗಿದೆ?

ನನಗೆ ಮಾವನ ಕೆಮ್ಮು ಗೊತ್ತು, ಮೌನ ಗೊತ್ತು, ತಗಡು ಗೊತ್ತಿಲ್ಲ. ಮಾವ ಬಾಕಿ ಕೆಲಸ ಹೇಳುವಾಗ ನಾನು ಫೋನಿನಲ್ಲಿ ಕೂಡಿಸುತ್ತಿದ್ದೆ, ಕೇಳಿಸಿಕೊಳ್ಳುತ್ತಿರಲಿಲ್ಲ. ಬೇಕಾದಷ್ಟು ಹೊತ್ತು ಸುಮ್ಮನಿದ್ದು ನೋಡಿದೆ. ಈ ಮನುಷ್ಯ ಗಾಬರಿಯಾಗಲಿಲ್ಲ, ಅವರೂ ಸುಮ್ಮನಿದ್ದರು. ಕೊನೆಗೆ ನಾನೇ ಸೋತು, ಅಲ್ಲಿ ತುಕ್ಕಿಲ್ಲ ಎಂದೆ. ಬೆಲೆ ಎಷ್ಟು ಎಂದರು. ಬಾಯಿಗೆ ಬಂದದ್ದು ಎರಡು ಸಾವಿರದ ಐನೂರು. ಅಲ್ಲಿ ತುಕ್ಕಿಲ್ಲದಿದ್ದರೆ ಮಾತನಾಡಬಹುದು, ಶುಕ್ರವಾರ ಬರುತ್ತೇನೆ ಎಂದರು. ಅದು ತಿಂಗಳ ಕೊನೆಯ ಶುಕ್ರವಾರ. ಮರುದಿನ ಬೆಳಿಗ್ಗೆ ಗುಜರಿಯವನ ಕ್ರೇನು.

ಶುಕ್ರವಾರ ಬೆಳಿಗ್ಗೆ ನಾನು ಎಮ್ಮೆಯ ಹತ್ತಿರ ಹೋಗಿ, ವೈಪರಿನ ಕೆಳಗಿನ ಜಾಲರಿಯೊಳಗೆ ಬೆರಳು ಹಾಕಿದೆ. ಬೆರಳು ಆಚೆ ಬಂತು. ಅಷ್ಟು ಹೊತ್ತಿಗೆ ಸೂರ್‌ನವರು ಹೊರಟಾಗಿತ್ತು. ಮುನ್ನೂರು ಕಿಲೋಮೀಟರಿಗೆ ಮೇಲಿನ ದಾರಿ. ಮನೆಗೆ ಬಂದು, ಅತ್ತೆ ಬನ್ಸಿನ ಹಿಟ್ಟು ನಾದುತ್ತಿರುವಾಗ, ಮಾವನಿಗೆ ಎಲ್ಲವನ್ನೂ ಹೇಳಿದೆ. ಫೋನು, ಕೆಮ್ಮು, ಎರಡು ಸಾವಿರದ ಐನೂರು, ತುಕ್ಕಿಲ್ಲ ಎಂದದ್ದು. ಅತ್ತೆಯ ಕೈ ಹಿಟ್ಟಿನಲ್ಲೇ ನಿಂತಿತು.

ಮಾವ ಕೇಳಿದರು, "ಯಾವ ದನಿಯಲ್ಲಿ ಹೇಳಿದ್ದು ನೀನು?"

"ನಿಮ್ಮದರಲ್ಲಿ."

"ದನಿ ತೆಗೊಂಡದ್ದು ಪರವಾಗಿಲ್ಲ. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ದಿಯಲ್ಲ ಮಾರಾಯ."

ಬೈದಿದ್ದರೆ ಸುಲಭವಿತ್ತು. ಬೈದವರ ದನಿಯನ್ನು ನಾನು ಸಂಜೆಗೆ ಮಾಡಿ ತೋರಿಸಿ ನಗಿಸಿಬಿಡುತ್ತೇನೆ. ಈ ಮಾತನ್ನು ಇವತ್ತಿನವರೆಗೂ ನಾನು ಮಾಡಿ ತೋರಿಸಿಲ್ಲ.

ಸೂರ್‌ನವರು ಜುಮ್ಮಾ ನಮಾಜು ಮುಗಿಸಿ ಎರಡು ಗಂಟೆಗೆ ಬಂದರು. ತೆಳ್ಳಗಿನ ಮನುಷ್ಯ, ಬಿಳಿ ದಿಶ್ದಾಶಾ ನಿಲುವಂಗಿಯ ತೋಳನ್ನು ಆಗಲೇ ಮೇಲಕ್ಕೆ ಮಡಚಿದ್ದರು. ಅತ್ತೆ ಬನ್ಸ್ ಡಬ್ಬಿ ಹಿಡಿದು ಗ್ಯಾರೇಜಿನ ಪಿಕಪ್ಪಿನಲ್ಲಿ ಕೂತಿದ್ದರು. ಅವರು ಯಾವತ್ತೂ ಎಮ್ಮೆಯನ್ನು ನೋಡಲು ಬಂದವರಲ್ಲ. ಅಂದು ಮಾತ್ರ ಬನ್ಸ್ ಬಿಸಿ ಇರುವಾಗಲೇ ಕೊಡಬೇಕು ಎಂದು ಕಾರಣ ಕೊಟ್ಟರು.

ಮಾವ ಟಾರ್ಪಾಲು ಎಳೆದವರೇ, ಬಂದವರು ಸಲಾಂ ಹೇಳಿ ಮುಗಿಸುವ ಮೊದಲೇ, ಬಾನೆಟ್ಟು ಎತ್ತಿ, ಜಾಲರಿ ಕಳಚಿ, ಮುಂಗಾಜಿನ ಕೆಳಗಿನ ತಗಡನ್ನು ತೋರಿಸಿದರು. ತೂತಿನೊಳಗೆ ಬೆರಳು ಹಾಕಿ ಎಷ್ಟು ದೂರ ಹೋಗಿದೆ ಎಂದೂ ತೋರಿಸಿದರು. ಆಮೇಲೆ ನೆಲ. ಆಮೇಲೆ ಡಿಕ್ಕಿ. ಪ್ರಪಂಚದಲ್ಲಿ ಗಾಡಿ ಮಾರುವ ಯಾರೂ ಈ ಕ್ರಮದಲ್ಲಿ ತೋರಿಸಿರಲಾರರು. ಎಡಬಾಗಿಲಿನ ಹತ್ತಿರ ಮಾತ್ರ ಹೋಗಲಿಲ್ಲ. ಮಗಳ ನೆಂಟಸ್ತಿಕೆಗೆ ಬಂದವರ ಎದುರು ಮಗಳನ್ನು ಹೊಗಳಬಾರದು ಎನ್ನುವ ಅಪ್ಪನ ಹಾಗೆ ಅದಕ್ಕೆ ಬೆನ್ನು ಹಾಕಿ ನಿಂತರು.

ಸೂರ್‌ನವರು ಎಲ್ಲ ನೋಡಿ, ಕೈ ಒರೆಸಿಕೊಂಡರು.

"ಉಸ್ತಾದ್, ಫೋನಿನಲ್ಲಿ ಇಲ್ಲಿ ತುಕ್ಕಿಲ್ಲ ಎಂದಿದ್ದಿರಿ."

ನಾನು ಟೈರಿನ ಹಿಂದೆ ಅಡಗುವಷ್ಟು ಸಣ್ಣವನಾದೆ. ಮಾವ ನನ್ನ ಕಡೆ ಕೈ ತೋರಿಸಿ, ಮಾತನಾಡಿದ್ದು ನಾನಲ್ಲ, ನನ್ನ ತಂಗಿಯ ಮಗ, ಇವನು ಎಂದರು. ಅವರಿಗೆ ನಂಬಿಕೆ ಬರಲಿಲ್ಲ. ಆ ದನಿ ಇವನದಲ್ಲ, ನಿಮ್ಮದೇ ಎಂದರು. ಆಗ ಮಾವ ನನ್ನತ್ತ ತಿರುಗಿ, ಮಾಡು ಎಂದರು.

ಎಷ್ಟೋ ಮದುವೆಗಳಲ್ಲಿ, ಸಂಘದ ವಾರ್ಷಿಕೋತ್ಸವಗಳಲ್ಲಿ ನಾನು ಮೈಕು ಹಿಡಿದಿದ್ದೇನೆ. ಅಂಥ ಕಷ್ಟದ ಪ್ರದರ್ಶನ ಇನ್ನೊಂದಿಲ್ಲ. ಮಾವ ನನ್ನ ಬಾಯಲ್ಲಿ ತಮ್ಮನ್ನು ಯಾವತ್ತೂ ಕೇಳಿರಲಿಲ್ಲ, ನಾನು ಅವರಿಲ್ಲದಾಗಲೇ ಅವರಾಗುತ್ತಿದ್ದದ್ದು. ಬಿಸಿಲಲ್ಲಿ ನಿಂತು, ಸಣ್ಣದೊಂದು, ದೊಡ್ಡದೊಂದು ಕೆಮ್ಮಿ, ಸುಮ್ಮನಿದ್ದು, "ಇಡಿಯಾಗಿ ಕೊಡುವುದು. ಇಲ್ಲದಿದ್ದರೆ ಖಲಾಸ್" ಎಂದೆ.

ಸೂರ್‌ನವರು ನಕ್ಕು ನಕ್ಕು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಮಾವ ನಗಲಿಲ್ಲ. ತಲೆ ಓರೆ ಮಾಡಿ, ತಗಡಿನ ಮೇಲೆ ಬಿದ್ದ ಪೆಟ್ಟಿನ ಸದ್ದು ಕೇಳುವ ಹಾಗೆ ಕೇಳಿದರು. ಪಿಕಪ್ಪಿನೊಳಗಿಂದ ಅತ್ತೆ, "ಎರಡು ವರ್ಷದಿಂದ ಚಾ ಕುಡಿದದ್ದು ಇವನೇ ಅಲ್ವಾ" ಎಂದು ಯಾರಿಗೂ ಅಲ್ಲದಂತೆ ಹೇಳಿದರು.

ನಗು ಮುಗಿದ ಮೇಲೆ ಸೂರ್‌ನವರು ಜೇಬಿನಿಂದ ಒಂದು ಆಯಸ್ಕಾಂತ ತೆಗೆದರು. ಬಣ್ಣಕ್ಕೆ ಗೀರು ಬೀಳದ ಹಾಗೆ ಕರವಸ್ತ್ರದಲ್ಲಿ ಸುತ್ತಿದ್ದರು. ಎಡಬಾಗಿಲಿನ ಮೇಲೆ ಇಟ್ಟರು. ಹಿಡಿಯಿತು. ಒಂದು ಗೇಣು ಕೆಳಗೆ ಇಟ್ಟರು. ಹಿಡಿಯಿತು. ಮೂಲೆಗಳಲ್ಲಿ, ಹಿಡಿಕೆಯ ಸುತ್ತ, ತಳದ ಅಂಚಿನಲ್ಲಿ, ಎಲ್ಲ ಕಡೆ ಹಿಡಿಯಿತು. ನನಗೆ ಅದು ಆಟದ ಹಾಗೆ ಕಂಡಿತು. ಆಮೇಲೆ ಅವರೇ ಹೇಳಿದರು: ಎಲ್ಲರೂ ತಗ್ಗಿಗೆ ಪುಟ್ಟಿ ಬಳಿದು, ಮೇಲೆ ಬಣ್ಣ ಹೊಡೆದು ನುಣ್ಣಗೆ ಮಾಡುತ್ತಾರೆ, ಪುಟ್ಟಿ ಇದ್ದಲ್ಲಿ ಆಯಸ್ಕಾಂತ ಹಿಡಿಯುವುದಿಲ್ಲ, ಈ ಬಾಗಿಲಿನಲ್ಲಿ ಒಂದು ಚಮಚ ಪುಟ್ಟಿಯೂ ಇಲ್ಲ.

"ಪೂರ್ತಿ ಸುತ್ತಿಗೆಯಲ್ಲೇ?" ಎಂದು ಕೇಳಿದರು.

ಮಾವ ಹೌದೆಂದು ತಲೆ ಆಡಿಸಿದರು. ಸೂರ್‌ನವರು ಬಾಗಿಲನ್ನು ಬೆರಳ ಗಂಟಿನಿಂದ ತಟ್ಟಿ, ಕಿವಿ ಹತ್ತಿರ ತಂದರು. ನಮ್ಮಪ್ಪ ಹಲಗೆಯನ್ನು ಹೀಗೆ ತಟ್ಟುತ್ತಿದ್ದರು ಎಂದರು. ಹನ್ನೊಂದು ವರ್ಷದಲ್ಲಿ ಆ ಬಾಗಿಲನ್ನು ನೋಡಿದವರು ಎಷ್ಟೋ ಜನ. ಅದನ್ನು ತಟ್ಟಿ ಕೇಳಿದವರು ಯಾರೂ ಇರಲಿಲ್ಲ. ಆರು ಫೋಟೋ ತೆಗೆದ ನಾನೂ ಇಲ್ಲ.

ಕೊನೆಗೆ ಅವರು ನಮ್ಮಿಬ್ಬರ ಮುಖವನ್ನೂ ನೋಡಿ, ಈಗ ಬೆಲೆ ಯಾರು ಹೇಳುತ್ತೀರಿ, ಫೋನಿನವನೋ ಇಲ್ಲಿಯವರೋ ಎಂದರು.

ನಾನು ಬಾಯಿ ತೆರೆದೆ. ಮಾವ ಕೈ ಅಡ್ಡ ಹಿಡಿದರು. ನೆಲ ನೋಡಿದರು. ಬಂತು 'ನೀವು ಕೊಟ್ಟದ್ದು', ನಾಳೆ ಬೆಳಿಗ್ಗೆ ಕ್ರೇನು, ಎಂದುಕೊಂಡೆ. ಆಗ ಮಾವ ಕೆಮ್ಮಿದರು. ಸಣ್ಣದೊಂದು, ದೊಡ್ಡದೊಂದು. ಅದು ಅವರ ಕೆಮ್ಮಲ್ಲ. ಅವರದು ತಾನಾಗಿ ಬರುತ್ತದೆ. ಇದು ಈಗಷ್ಟೇ ನನ್ನಿಂದ ಕಲಿತದ್ದು, ನಾನು ಮಾಡುವ ಹಾಗೆಯೇ ದವಡೆ ಸ್ವಲ್ಪ ಮುಂದೆ ಚಾಚಿ. ಆಮೇಲೆ ಮೌನ. ನಾನು ಮೂರರವರೆಗೆ ಎಣಿಸುವ ಮೌನವನ್ನು ಅವರು ಏಳರವರೆಗೆ ಎಳೆದರು.

"ಇವನು ಹೇಳಿದ್ದು ಎರಡು ಸಾವಿರದ ಐನೂರು," ಎಂದರು. "ಅದರಲ್ಲಿ ಇವನ ಸುಳ್ಳಿಗೆ ಐನೂರು ಕಳೆಯಿರಿ. ಎರಡು ಸಾವಿರ. ಇಡಿಯಾಗಿ."

ಸೂರ್‌ನವರು ಸಾವಿರದ ಆರುನೂರು ಎಂದರು. ನೆಲವಿಲ್ಲ, ಮುಂಗಾಜಿನ ಕೆಳಗೆ ತಗಡಿಲ್ಲ, ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮಾವನ ಚಪ್ಪಲಿ ಮಣ್ಣು ಕೆರೆಯತೊಡಗಿತು. ನಾನು ಪಿಕಪ್ಪಿನ ಕಡೆ ನೋಡಿದೆ, ಅತ್ತೆ ಬನ್ಸಿನ ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದರು. ಮಾವ ಎಡಬಾಗಿಲಿನ ಮೇಲೆ ಕೈ ಇಟ್ಟರು.

"ಆ ಬಾಗಿಲು ಬಡಿದದ್ದಕ್ಕೆ ನಾನು ಯಾರ ಹತ್ತಿರವೂ ಕೇಳಿದವನಲ್ಲ. ಇವತ್ತು ಕೇಳ್ತೇನೆ, ಸಾಹೇಬ್ರೇ. ಎರಡು ಸಾವಿರ."

ಈ ಸಲದ ಮಾತಿಗೆ ಕೆಮ್ಮು ಇರಲಿಲ್ಲ. ದನಿ ನಡುಗಿತು ಕೂಡ. ನಾನು ಮಾಡುವ ಮಾವನಿಗಿಂತ ಈ ಮಾವ ಕಡಿಮೆ ಗಟ್ಟಿಗ. ಆದರೆ ಸೂರ್‌ನವರು ಕೈ ಚಾಚಿದ್ದು ಇವರಿಗೆ. ಎರಡು ಸಾವಿರಕ್ಕೆ ವ್ಯಾಪಾರ ಕುದುರಿತು. ಬನ್ಸ್ ಅಷ್ಟರಲ್ಲಿ ಆರಿತ್ತು. ಆರಿದ್ದೇ ಚೆನ್ನಾಗಿದೆ ಎಂದು ಸೂರ್‌ನವರು ಮೂರು ತಿಂದರು.

ಶನಿವಾರ ಬೆಳಿಗ್ಗೆ ಎಮ್ಮೆಯನ್ನು ಒಯ್ಯುವ ಲಾರಿ ಮತ್ತು ಗುಜರಿಯವನ ಕ್ರೇನು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಅತ್ತೆ ಅಂದೂ ಬಂದು, ಯಾವ ಕಾರಣವನ್ನೂ ಕೊಡದೆ ಪಿಕಪ್ಪಿನಲ್ಲಿ ಕೂತಿದ್ದರು. ಅವನಿಗೆ ಬೇಡವೆಂದು ಹೇಳಲು ಯಾರಿಗೂ ನೆನಪಾಗಿರಲಿಲ್ಲ. ಅವನು ಬೇಸರಿಸದೆ, ಎಮ್ಮೆಯನ್ನು ಲಾರಿಗೆ ಏರಿಸುವುದಕ್ಕೆ ತಾನೇ ಒಂದು ಕೈ ಹಾಕಿದ. ಎಷ್ಟಕ್ಕೆ ಹೋಯಿತು ಎಂದು ನನ್ನ ಹತ್ತಿರ ಮೆಲ್ಲಗೆ ಕೇಳಿದ. ಹೇಳಿದೆ. ಟಾರ್ಪಾಲು ಎತ್ತಿ ನೋಡಬೇಕಿತ್ತು ಎಂದ.

ಲಾರಿಯ ಮೇಲೆ ಸರಪಳಿ ಬಿಗಿದಾದ ಮೇಲೆ, ರಾತ್ರಿ ಸುವೈಕ್‌ನಲ್ಲೇ ಉಳಿದಿದ್ದ ಸೂರ್‌ನವರು ತುಕ್ಕು ಹಿಡಿದ ಬಲಬಾಗಿಲನ್ನು ತೋರಿಸಿದರು. ಇದಕ್ಕೆ ಬೇರೆ ಯಾರ ಕೈಯನ್ನೂ ಹಾಕಿಸುವುದಿಲ್ಲ, ರಜೆಯಲ್ಲಿ ನೀವೇ ಸೂರ್‌ಗೆ ಬರಬೇಕು, ನಿಮ್ಮ ಕಫೀಲರ ಹತ್ತಿರ ನಾನು ಮಾತನಾಡಿದ್ದೇನೆ ಎಂದರು. ಮಾವನ ಮುಖ ಅರಳಿತು.

"ಎಷ್ಟು ತೆಗೆದುಕೊಳ್ಳುತ್ತೀರಿ, ಉಸ್ತಾದ್?"

ನಿನ್ನೆ ಎರಡು ಸಾವಿರ ಎಂದು ಎರಡು ಸಲ ಹೇಳಿದ ಮನುಷ್ಯ ನೆಲ ನೋಡಿದರು.

"ನೀವು ಕೊಟ್ಟದ್ದು."

ಆಗ ಕೆಮ್ಮು ಕೇಳಿಸಿತು. ಸಣ್ಣದೊಂದು, ದೊಡ್ಡದೊಂದು. ಆಮೇಲೆ ಮೌನ. ಸೂರ್‌ನವರು ನನ್ನ ಕಡೆ ತಿರುಗಿ, ಪುನಃ ನೀನೇನಾ ಎಂದರು. ನಾನು ಎರಡೂ ಕೈ ಮೇಲೆತ್ತಿ ಬಾಯಿ ಮುಚ್ಚಿ ತೋರಿಸಿದೆ.

"ದಿನಕ್ಕೆ ಮೂವತ್ತು ರಿಯಾಲ್," ಎಂದಿತು ಪಿಕಪ್ಪಿನೊಳಗಿನ ದನಿ, ಹಿಂದಿಯಲ್ಲಿ, ಮಾವನದೇ ಎಳೆತದಲ್ಲಿ. "ಊಟ, ಬಸ್ಸು ಬೇರೆ."

ಸೂರ್‌ನವರು ಪಿಕಪ್ಪಿನ ಕಡೆ ನೋಡಿ, ಕೈಯನ್ನು ಎದೆಗಿಟ್ಟು, ಆಗಲಿ ಎಂದರು. ಮಾವ ಯಾರ ಮುಖವನ್ನೂ ನೋಡಲಿಲ್ಲ. ಲಾರಿಯ ಅಂಚಿಗೆ ಕಾಲಿಟ್ಟು ಹತ್ತಿ, ಬಲಬಾಗಿಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಎಲ್ಲಿಂದ ಬಡಿಯಲು ಶುರುಮಾಡಬೇಕೆಂದು ಬೆರಳಿನಲ್ಲಿ ತಡವಿ ನೋಡತೊಡಗಿದರು. ಲಾರಿಯವನು ಎರಡು ಸಲ ಹಾರನ್ ಹೊಡೆದರೂ ಇಳಿಯಲಿಲ್ಲ.